ಜಿಮ್ ಫಲಕದಲ್ಲಿ ನಿಯಮವಿದೆ, ಕಾರಣವಿಲ್ಲ

ಮಾನ್ಯ ಸಂಪಾದಕರೇ,

ಯಾವುದೇ ಜಿಮ್‌ನ ಒಳಗೆ ಕಾಲಿಟ್ಟರೂ ಗೋಡೆಯ ಮೇಲೊಂದು ನಿಯಮಗಳ ಫಲಕ ಕಾಣುತ್ತದೆ. ಟವೆಲ್ ತನ್ನಿ, ಡಂಬೆಲ್ ಎಸೆಯಬೇಡಿ, ಪ್ಲೇಟುಗಳನ್ನು ಜಾಗಕ್ಕೆ ಇಡಿ, ಒಮ್ಮೆ ಕಟ್ಟಿದ ಶುಲ್ಕ ವಾಪಸ್ ಕೊಡಲಾಗುವುದಿಲ್ಲ. ಕೊನೆಯದೊಂದನ್ನು ಬಿಟ್ಟು ಉಳಿದ ಯಾವುದೂ ಕಟ್ಟುನಿಟ್ಟಾಗಿ ಜಾರಿಯಾಗುವುದಿಲ್ಲ. ಸದಸ್ಯರಿಗೆ ಶಿಸ್ತಿಲ್ಲ ಎಂದು ಮಾಲೀಕರು ದೂರುತ್ತಾರೆ. ಆದರೆ ಯಾಕೆ ಎಂದು ಹೇಳದ ನಿಯಮವನ್ನು ಜನ ಮಾಲೀಕರ ಕಿರಿಕಿರಿ ಅಂದುಕೊಳ್ಳುವುದು ಸಹಜ. ಪ್ರತಿ ನಿಯಮದ ಕೆಳಗೆ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಿರಿ ಎಂಬುದಷ್ಟೇ ಈ ಪತ್ರದ ಕೋರಿಕೆ.

ಬಾರ್ ಎಂಬ ಉದ್ದನೆಯ ಸರಳಿನ ಎರಡು ತುದಿಗೆ ಸಿಕ್ಕಿಸುವ ತೂಕದ ಬಿಲ್ಲೆ, ಅಂದರೆ ಪ್ಲೇಟಿನ ವಿಷಯವನ್ನೇ ನೋಡಿ. ಜಾಗಕ್ಕೆ ಇಡಿ ಎಂದಿದೆ, ಬಿಚ್ಚುವುದು ಹೇಗೆಂದು ಎಲ್ಲೂ ಇಲ್ಲ. ಪುರುಷರ ಒಲಿಂಪಿಕ್ ಬಾರ್ 20 ಕೆ.ಜಿ. ತೂಗುತ್ತದೆ, ಉದ್ದ 2.2 ಮೀಟರ್. ಬೆಂಚ್ ಪ್ರೆಸ್‌ನಲ್ಲಿ, ಅಂದರೆ ಬೆಂಚ್ ಮೇಲೆ ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ತಳ್ಳುವ ಕಡೆ, ಬಾರ್ ಇಡುವ ಎರಡು ಕಂಬಗಳು ಹತ್ತಿರ ಹತ್ತಿರ ಇದ್ದಷ್ಟೂ ಪ್ಲೇಟುಗಳು ಕಂಬದಿಂದ ದೂರಕ್ಕೆ ಚಾಚಿಕೊಂಡಿರುತ್ತವೆ. ಆಗ ಒಂದು ಬದಿಯ ಪ್ಲೇಟುಗಳನ್ನೆಲ್ಲ ಬಿಚ್ಚಿ ಇನ್ನೊಂದು ಬದಿಯದನ್ನು ಹಾಗೇ ಬಿಟ್ಟರೆ ಬಾರ್ ಭಾರದ ಕಡೆಗೆ ವಾಲಿ, ಖಾಲಿ ತುದಿ ಸರ್ರನೆ ಮೇಲಕ್ಕೆ ಏಳುತ್ತದೆ. ಆ ತುದಿಯ ಮುಂದೆಯೇ ಪ್ಲೇಟು ಬಿಚ್ಚುತ್ತಿರುವವರ ಮುಖ ಇರುತ್ತದೆ. ಈ ಕಡೆ ಒಂದು, ಆ ಕಡೆ ಒಂದು ತೆಗೆಯಬೇಕು. ಎರಡು ಬದಿಗೂ ಒಂದು ಪ್ಲೇಟಿಗಿಂತ ಹೆಚ್ಚು ವ್ಯತ್ಯಾಸ ಬರಬಾರದು. ಹಾಕುವಾಗಲೂ ಇದೇ ಕ್ರಮ.

ಬಾರ್‌ಗೆ ಪ್ಲೇಟು ಜಾರದಂತೆ ಕ್ಲಿಪ್ ಹಾಕುವುದರಲ್ಲೂ ಇಂಥದೇ ಅಸಡ್ಡೆ. ಬಾರನ್ನು ಹೆಗಲ ಮೇಲಿಟ್ಟು ಕೂತೇಳುವ ಸ್ಕ್ವಾಟ್ ಮಾಡುವಾಗ ಅದು ಸದಾ ಸಮತಟ್ಟಾಗಿ ಇರುವುದಿಲ್ಲ. ಒಂದು ಬದಿ ತುಸು ಇಳಿದರೂ ಕ್ಲಿಪ್ ಇಲ್ಲದ ಪ್ಲೇಟು ಜಾರುತ್ತದೆ. ಅದು ಬಿದ್ದ ಕ್ಷಣಕ್ಕೆ ಇನ್ನೊಂದು ಬದಿ ಭಾರವಾಗಿ, ಬಾರ್ ಹೆಗಲ ಮೇಲೆ ತಿರುಚಿಕೊಳ್ಳುತ್ತದೆ. ಒಬ್ಬರೇ ಬೆಂಚ್ ಪ್ರೆಸ್ ಮಾಡುವವರು ಮಾತ್ರ ಬೇಕೆಂದೇ ಕ್ಲಿಪ್ ಬಿಡುತ್ತಾರೆ, ಸಿಕ್ಕಿಹಾಕಿಕೊಂಡರೆ ಬಾರ್ ವಾಲಿಸಿ ಪ್ಲೇಟು ಬೀಳಿಸಬಹುದು ಎಂಬ ಲೆಕ್ಕ. ಲೆಕ್ಕವೇನೋ ಸರಿ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ. ಅದಕ್ಕಿಂತ ಬೆಂಚನ್ನು ಕಂಬಗಳ ಚೌಕಟ್ಟಾದ ರ‍್ಯಾಕ್ ಒಳಗೆ ಎಳೆದುಕೊಂಡು, ಬಾರ್ ಕೈತಪ್ಪಿದರೆ ತಡೆಯುವ ಸೇಫ್ಟಿ ಕಂಬಿ ಹಾಕುವುದು ಒಳ್ಳೆಯದು. ಕಂಬಿಯ ಎತ್ತರವನ್ನು ಖಾಲಿ ಬಾರ್‌ನಲ್ಲೇ ಹೊಂದಿಸಿಕೊಳ್ಳಿ: ಎದೆ ಉಬ್ಬಿಸಿ ಮಲಗಿದಾಗ ಬಾರ್ ಎದೆಗೆ ತಾಗಬೇಕು, ಕಂಬಿಗೆ ತಾಗಬಾರದು. ಉಸಿರು ಬಿಟ್ಟು ಬೆನ್ನು ಚಪ್ಪಟೆ ಮಾಡಿದರೆ ಬಾರ್ ಕಂಬಿಯ ಮೇಲೆ ಕೂತು ಎದೆ ಬಿಡುಗಡೆಯಾಗಬೇಕು. ಕುತ್ತಿಗೆಯಂತೂ ಕಂಬಿಗಿಂತ ಕೆಳಗೇ ಇರಬೇಕು. ಹೆಬ್ಬೆರಳು ಸುತ್ತದೆ ಬಾರ್ ಹಿಡಿಯುವ ಚಾಳಿಯನ್ನು ಬಿಡಿಸುವ ಜಿಮ್‌ಗಳು ತೀರಾ ಕಡಿಮೆ. ಬೆವರಿದ ಅಂಗೈಯಿಂದ ಬಾರ್ ಉರುಳಿದರೆ ಅದು ಬೀಳುವುದು ಎದೆಯ ಮೇಲೇ.

ಡಂಬೆಲ್ ಎಸೆಯಬಾರದು ಎಂದರೆ ನೆಲ ಒಡೆಯುತ್ತದೆ, ಸದ್ದಾಗುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ನಿಜವಾದ ಅಪಾಯ ಬೇರೆ. ಬೋಲ್ಟ್ ಹಾಕಿ ಬಿಗಿದ ಡಂಬೆಲ್‌ಗಳು ಪದೇ ಪದೇ ಬಿದ್ದರೆ ಬೋಲ್ಟ್ ಸಡಿಲವಾಗುತ್ತದೆ. ಎಸೆದವರಿಗೆ ಏನೂ ಆಗುವುದಿಲ್ಲ, ಅದನ್ನು ನಂತರ ತಲೆಯ ಮೇಲೆ ಎತ್ತುವವರಿಗೆ ಆಗುತ್ತದೆ. ಎತ್ತುವ ಮೊದಲು ಎರಡೂ ತುದಿಗಳನ್ನು ಕೈಯಿಂದ ತಿರುಗಿಸಿ ನೋಡಲು ಐದು ಸೆಕೆಂಡ್ ಸಾಕು. ಕೇಬಲ್ ಯಂತ್ರದಲ್ಲಿ ಎಷ್ಟು ತೂಕ ಎಂದು ಆರಿಸುವ ಪಿನ್ ಪೂರ್ತಿ ಒಳಗೆ ಹೋಗಿದೆಯೇ, ಹಿಡಿಕೆಯ ಕೊಕ್ಕೆ ಸೇರುವ ಕಡೆ ಕೇಬಲ್‌ನ ಪ್ಲಾಸ್ಟಿಕ್ ಹೊದಿಕೆ ಬಿರಿದು ತಂತಿ ಇಣುಕುತ್ತಿದೆಯೇ ಎಂದು ನೋಡಬೇಕು. ಕೆಟ್ಟ ಯಂತ್ರಕ್ಕೆ ‘ಬಳಸಬೇಡಿ’ ಎಂಬ ಚೀಟಿ ಅಂಟಿಸಿದರೆ ಸಾಲದು, ಪಿನ್ ಕಿತ್ತು ಆಫೀಸಿನಲ್ಲಿಡಿ. ಚೀಟಿಯನ್ನು ಪಕ್ಕಕ್ಕೆ ಸರಿಸಿ ಒಂದು ಸೆಟ್ (ಬಿಡುವಿಲ್ಲದೆ ಸಾಲಾಗಿ ಮಾಡುವ ಸುತ್ತು) ಮುಗಿಸಿಬಿಡುವ ಧೀರರು ಎಲ್ಲ ಜಿಮ್‌ಗಳಲ್ಲೂ ಇದ್ದಾರೆ.

ಟ್ರೆಡ್‌ಮಿಲ್ ಹಿಂದೆ ಕನಿಷ್ಠ 2 ಮೀಟರ್ ಖಾಲಿ ಜಾಗ ಬಿಡಬೇಕು. ಬಿದ್ದವರನ್ನು ಬೆಲ್ಟ್ ಹಿಂದಕ್ಕೆ ಎಸೆಯುತ್ತದೆ. ಅಲ್ಲಿ ಗೋಡೆಯೋ ಇನ್ನೊಂದು ಯಂತ್ರವೋ ಇದ್ದರೆ ಮೈ ಅದಕ್ಕೂ ಓಡುವ ಬೆಲ್ಟಿಗೂ ನಡುವೆ ಸಿಗುತ್ತದೆ. ಎಳೆದರೆ ಯಂತ್ರ ನಿಲ್ಲಿಸುವ ಸೇಫ್ಟಿ ಕ್ಲಿಪ್ ಬಟ್ಟೆಗೆ ಸಿಕ್ಕಿಸಬೇಕು, ಪಕ್ಕದ ಪಟ್ಟಿಗಳ ಮೇಲೆ ನಿಂತು ಚಾಲು ಮಾಡಬೇಕು. ಏರು ಹೆಚ್ಚಿಸಿ ಕೈಕಂಬಿಗೆ ಜೋತುಬಿದ್ದು ನಡೆಯುವವರಿಗೆ ಒಂದು ಮಾತು: ಪರದೆ ವೇಗ ಮತ್ತು ಏರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ನೀವು ಜೋತುಬಿದ್ದದ್ದು ಅದಕ್ಕೆ ಗೊತ್ತಿಲ್ಲ. ಅದು ತೋರಿಸುವಷ್ಟು ಕ್ಯಾಲೊರಿ ಕರಗಿರುವುದಿಲ್ಲ.

ಬೆಂಚ್ ಒರೆಸುವ ನಿಯಮ ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಹುಳುಕಡ್ಡಿಯಂಥ ಶಿಲೀಂಧ್ರ ಸೋಂಕು ಹಂಚಿಕೊಂಡ ಟವೆಲ್, ಮ್ಯಾಟ್‌ಗಳಿಂದಲೂ ಹಬ್ಬುತ್ತದೆ. ದ್ರಾವಣ ಸಿಂಪಡಿಸಿದ ಕೂಡಲೇ ಒರೆಸಿದರೆ ಪ್ರಯೋಜನ ಕಡಿಮೆ. ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿರಬೇಕು.

ಬರೆಯದ ನಿಯಮಗಳೂ ಇವೆ. ಬೆಂಚ್ ಮೇಲೆ ಸುಮ್ಮನೆ ಕೂತವರೆಲ್ಲ ಮೊಬೈಲ್ ನೋಡಲು ಕೂತವರಲ್ಲ. ಭಾರದ ಸ್ಕ್ವಾಟ್, ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್ ಸೆಟ್‌ಗಳ ನಡುವೆ 2ರಿಂದ 3 ನಿಮಿಷ ವಿಶ್ರಾಂತಿ ಬೇಕೇ ಬೇಕು. ‘ಎಷ್ಟು ಸೆಟ್ ಇದೆ? ನಡುವೆ ನಾನೂ ಮಾಡ್ಲಾ?’ ಎಂದು ಕೇಳಿದರೆ ಇಬ್ಬರ ಕೆಲಸವೂ ಆಗುತ್ತದೆ. ಕೇಳದೆ ಸಲಹೆ ಕೊಡುವುದನ್ನು ಮಾತ್ರ ನಿಲ್ಲಿಸಬೇಕು, ಅಪಾಯ ಕಂಡಾಗ ಬಿಟ್ಟು. ದಪ್ಪಗಿರುವವರನ್ನು ಕಂಡರೆ ಟ್ರೆಡ್‌ಮಿಲ್ ತೋರಿಸುವುದು, ತೆಳ್ಳಗಿರುವವರಿಗೆ ಪ್ರೋಟೀನ್ ಪೌಡರ್ ಹೆಸರು ಹೇಳುವುದು, ಭಾರ ಎತ್ತಿದರೆ ಗಂಡಸಿನ ಮೈಕಟ್ಟು ಬರುತ್ತದೆ ಎಂದು ಹೆಣ್ಣುಮಕ್ಕಳನ್ನು ಹೆದರಿಸುವುದು, ಇವು ಯಾವುವೂ ಸಲಹೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರೆಲ್ಲರಿಗೂ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆಯ ಜೊತೆಗೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಹೇಳುತ್ತದೆ, ಹೆಣ್ಣು ಗಂಡೆಂಬ ಭೇದವಿಲ್ಲದೆ.

ಇನ್ನು ನಿಯಮ ಫಲಕದ ಎದುರು ಗೋಡೆಯ ಪೋಸ್ಟರ್: ‘30 ದಿನದಲ್ಲಿ 10 ಕೆ.ಜಿ. ಇಳಿಸಿ.’ ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. 10 ಕಿಲೊಗೆ 77,000, ದಿನಕ್ಕೆ ಹಂಚಿದರೆ 2,500ಕ್ಕೂ ಮೇಲೆ. ಬಹುತೇಕರು ಇಡೀ ದಿನದಲ್ಲಿ ಖರ್ಚು ಮಾಡುವುದೇ ಹೆಚ್ಚುಕಡಿಮೆ ಅಷ್ಟು ಅಥವಾ ಅದಕ್ಕಿಂತ ಕಡಿಮೆ. ಅಂದರೆ ತಿಂಗಳಿಡೀ ಉಪವಾಸ ಕೂತರೂ ಲೆಕ್ಕ ಹೊಂದುವುದಿಲ್ಲ. ಮೊದಲ ವಾರ ತಕ್ಕಡಿಯ ಮುಳ್ಳು ಸರಸರನೆ ಇಳಿಯುವುದು ನಿಜ. ಮೈ ಕೂಡಿಟ್ಟುಕೊಂಡ ಸಕ್ಕರೆಯ ರೂಪವಾದ ಗ್ಲೈಕೊಜೆನ್ ಒಂದು ಗ್ರಾಂ ಇದ್ದರೆ ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿರುತ್ತದೆ, ಊಟ ಕಡಿಮೆಯಾದಾಗ ಎರಡೂ ಹೊರಟುಹೋಗುತ್ತವೆ. ಸರಿಯಾಗಿ ಊಟ ಮಾಡಿದ ದಿನ ಎರಡೂ ವಾಪಸ್ ಬರುತ್ತವೆ, ಆಗ ಜನ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಪ್ಲಾಸ್ಟಿಕ್ ಜಾಕೆಟ್ ಹಾಕಿ ಬೆವರು ಹರಿಸುವುದೂ ಇದೇ ಮೋಸ.

ವಾರಕ್ಕೆ ದೇಹತೂಕದ ಶೇ 0.5ರಿಂದ 1ರಷ್ಟು, ಅಂದರೆ 80 ಕೆ.ಜಿ. ಇರುವವರಿಗೆ 400ರಿಂದ 800 ಗ್ರಾಂ ಇಳಿದರೆ ಅದು ಹಿತವಾದ ಗತಿ. ಬೆಳಿಗ್ಗೆ ಎದ್ದು ಏನೂ ತಿನ್ನದೆ ತೂಕ ನೋಡಿ, ವಾರದ ಸರಾಸರಿ ತೆಗೆಯಬೇಕು. ಒಂದೇ ದಿನದಲ್ಲಿ ಒಂದು ಕಿಲೊ ಆಚೀಚೆ ಆಗುವುದು ಮಾಮೂಲು. ಭಾರ ಎತ್ತುವವರಿಗೆ ದಿನಕ್ಕೆ ಪ್ರತಿ ಕಿಲೊ ದೇಹತೂಕಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. ಊಟದಲ್ಲಿ ಅಷ್ಟು ಸಿಕ್ಕರೆ ಪೌಡರ್ ಬೇಕಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಪೋಸ್ಟರ್ ನಂಬಿ ಬಂದ ಹೊಸಬರನ್ನು ಮೊದಲ ದಿನವೇ ಹಣ್ಣುಗಾಯಿ ಮಾಡುವುದು ಕೆಲವು ಟ್ರೇನರ್‌ಗಳಿಗೆ ಹೆಮ್ಮೆಯ ವಿಷಯ. ರೂಢಿಯಿಲ್ಲದ ಮೈಗೆ ಅತಿ ಶ್ರಮ ಬಿದ್ದರೆ ಸ್ನಾಯುಗಳು ಒಡೆದು ಅವುಗಳ ಅಂಶಗಳು ರಕ್ತಕ್ಕೆ ಸೇರಿ ಮೂತ್ರಪಿಂಡವೇ ಕೆಡಬಹುದು. ಸಹಿಸಲಾಗದ ನೋವು, ಊತ, ಕಡು ಕಂದು ಬಣ್ಣದ ಮೂತ್ರ ಕಂಡರೆ ನಾಳೆ ನೋಡೋಣ ಎನ್ನದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮೊದಲ ಎರಡು ವಾರ ಒಂದೊಂದು ವ್ಯಾಯಾಮಕ್ಕೆ ಒಂದೆರಡು ಸೆಟ್, ಇನ್ನೂ ಎರಡು ಮೂರು ಸಲ ಎತ್ತಬಲ್ಲೆ ಎನ್ನುವಾಗಲೇ ನಿಲ್ಲಿಸುವುದು, ಇಷ್ಟು ಸಾಕು.

ಸೇರುವಾಗ ತುಂಬಿಸುವ ಅರ್ಜಿಯಲ್ಲಿ ಹೆಸರು, ಫೋಟೊ, ಮೊಬೈಲ್ ಸಂಖ್ಯೆ ಇರುತ್ತದೆ. ಶ್ರಮಪಟ್ಟಾಗ ಎದೆನೋವು ಬರುತ್ತದೆಯೇ, ತಲೆ ಸುತ್ತುತ್ತದೆಯೇ, ರಕ್ತದೊತ್ತಡ ಅಥವಾ ಹೃದಯದ ಮಾತ್ರೆ ನುಂಗುತ್ತಿದ್ದೀರಾ, ಕೀಲು ಮೂಳೆಯ ತೊಂದರೆ ಇದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನೂ ಅದರಲ್ಲಿ ಸೇರಿಸಲಿ. ಒಂದಕ್ಕೆ ‘ಹೌದು’ ಎಂದರೂ ವೈದ್ಯರ ಚೀಟಿ ಬರುವ ತನಕ ಶುಲ್ಕ ಕಟ್ಟಿಸಿಕೊಳ್ಳಬಾರದು.

ಇಂತಿ,
ಒಬ್ಬ ವ್ಯಾಯಾಮ ತರಬೇತುದಾರ