ನೋಡಿದರೂ ಒಪ್ಪದವರು

ಭೂಮಿ ಚಪ್ಪಟೆ ಎನ್ನುವವರ ಮುಂದೆ ಪುರಾವೆ ಸುರಿದರೆ ಒಪ್ಪಿಬಿಡುತ್ತಾರೆ ಎಂದುಕೊಳ್ಳುವುದೇ ತಪ್ಪು. 1870ರಲ್ಲಿ ಇಂಗ್ಲೆಂಡಿನ ಜಾನ್ ಹ್ಯಾಂಪ್ಡನ್ ಭೂಮಿ ಚಪ್ಪಟೆಯೇ ಎಂದು 500 ಪೌಂಡ್ ಬಾಜಿ ಕಟ್ಟಿದ. ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಆರು ಮೈಲಿ ನೇರ ಕಾಲುವೆಯಲ್ಲಿ, ನೀರಿನಿಂದ ಒಂದೇ ಎತ್ತರದಲ್ಲಿ ಗುರುತುಗಳನ್ನಿಟ್ಟು ದುರ್ಬೀನಿನಲ್ಲಿ ತೋರಿಸಿದರು. ನಡುವಿನ ಗುರುತು ಮೇಲೆದ್ದು ಕಂಡಿತು; ಅಂದರೆ ನೀರಿನ ಮೈ ಬಾಗಿದೆ, ಭೂಮಿ ಚಪ್ಪಟೆಯಲ್ಲ. ಹ್ಯಾಂಪ್ಡನ್ ಕಡೆಯವನು ಅದೇ ದುರ್ಬೀನಿನಲ್ಲಿ ನೋಡಿ, ಗೆದ್ದಿದ್ದು ತಾವೇ ಎಂದ! ಆಮೇಲೆ ವರ್ಷಗಟ್ಟಲೆ ಬೈಗುಳದ ಪತ್ರಗಳು. ವಾಲೇಸರ ಹೆಂಡತಿಯನ್ನೂ ಹ್ಯಾಂಪ್ಡನ್ ಬಿಡಲಿಲ್ಲ. ದುಡ್ಡು ಕಟ್ಟಿ, ಊರಿಗೆಲ್ಲ ಸಾರಿದ ಮೇಲೆ ಸೋತೆ ಅನ್ನುವುದು ಸುಲಭವಲ್ಲ, ಅಲ್ವಾ? ಹಟ ಬಲಿಯುವ ಮೊದಲೇ ತೋರಿಸಬೇಕು. ಕರಾವಳಿಗೆ ಪ್ರವಾಸ ಹೋಗುವ ಶಾಲೆಗಳು ಒಂದು ದುರ್ಬೀನು ಒಯ್ಯಲಿ. ದೂರ ಸಾಗುವ ಹಡಗಿನ ಅಡಿಭಾಗ ಮೊದಲು ಮರೆಯಾಗುವುದನ್ನು ಮಕ್ಕಳೇ ನೋಡಲಿ.

– ಓದುಗ, ಉಡುಪಿ