ತಂತ್ರಾಂಶ ಕೈಕೊಟ್ಟರೆ ಹೊಣೆ ಯಾರದು?

ಮಾನ್ಯರೇ,

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕಂಪನಿ ಕಳುಹಿಸಿದ ದೋಷಪೂರಿತ ಅಪ್‌ಡೇಟ್‌ನಿಂದಾಗಿ, ಮೈಕ್ರೋಸಾಫ್ಟ್ ಅಂದಾಜಿನಂತೆ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಸ್ಥಗಿತಗೊಂಡವು. ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರೊಬ್ಬರಿಗೆ ಪೆನ್ನಿನಲ್ಲಿ ಬರೆದುಕೊಟ್ಟ ಬೋರ್ಡಿಂಗ್ ಪಾಸಿನ ಚಿತ್ರ ಅಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ ಎಲ್ಲರನ್ನೂ ನಗಿಸಿತು. ಯಂತ್ರ ನಿಂತರೂ ಕೆಲಸ ನಿಲ್ಲಿಸದ ಆ ಸಿಬ್ಬಂದಿಯನ್ನು ನಾನಂತೂ ಮನಸಾರೆ ಮೆಚ್ಚಿಕೊಂಡೆ. ಎರಡು ತಿಂಗಳ ಬಳಿಕ ಕಂಪನಿಯ ಹಿರಿಯ ಅಧಿಕಾರಿ ಆಡಂ ಮೇಯರ್ಸ್ ಅಮೆರಿಕ ಸಂಸತ್ತಿನ ಉಪಸಮಿತಿಯ ಮುಂದೆ ಕ್ಷಮೆ ಕೋರಬೇಕಾಯಿತು.

ನಮ್ಮ ಸಿಂಧನೂರು ಭಾಗದ ನ್ಯಾಯಬೆಲೆ ಅಂಗಡಿಯಲ್ಲಿ ‘ಸರ್ವರ್ ಇಲ್ಲ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಕ್ಷಮೆ ಕೇಳುವವರೂ ಇಲ್ಲ, ಕಾರಣ ಹೇಳುವವರೂ ಇಲ್ಲ. ಭತ್ತದ ನಾಟಿ ಮಾಡಿ, ಕಳೆ ಕಿತ್ತು ಗೆರೆ ಸವೆದ ಹೆಬ್ಬೆರಳನ್ನು ಸೆರಗಿಗೆ ಮತ್ತೆ ಮತ್ತೆ ಒರೆಸಿ ಯಂತ್ರದ ಮೇಲೆ ಒತ್ತುವ ಕೂಲಿ ಹೆಣ್ಣುಮಕ್ಕಳು, ಅದು ತೆಗೆದುಕೊಳ್ಳದಿದ್ದಾಗ ಅಂದಿನ ಕೂಲಿಯನ್ನೂ ಕಳೆದುಕೊಂಡು ಬರಿಚೀಲದೊಂದಿಗೆ ಮರಳುತ್ತಾರೆ. ಇದು ಸಣ್ಣ ತೊಂದರೆಯಲ್ಲ, ಅನ್ನದ ಪ್ರಶ್ನೆ. ನೆಟ್‌ವರ್ಕ್ ಅಥವಾ ಬೆರಳಚ್ಚಿನ ತೊಡಕಿನ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದು, ಪ್ರತ್ಯೇಕ ಪುಸ್ತಕದಲ್ಲಿ ಬರೆದುಕೊಂಡು ವಿತರಿಸಬೇಕು ಎಂದು ಕೇಂದ್ರ ಆಹಾರ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಆ ಪುಸ್ತಕ ಪ್ರತಿ ಅಂಗಡಿಯಲ್ಲೂ ಕಣ್ಣಿಗೆ ಕಾಣುವಂತೆ ಇರಬೇಕು. ಸರ್ವರ್ ಎಷ್ಟು ಹೊತ್ತು ನಿಂತಿತ್ತು, ಏಕೆ ನಿಂತಿತು, ಹೊಣೆ ಯಾರದು ಎಂಬುದನ್ನು ರಾಯಚೂರು ಜಿಲ್ಲಾಡಳಿತ ಪ್ರತಿ ತಿಂಗಳು ಪ್ರಕಟಿಸಬೇಕೆಂದು ಆಗ್ರಹಿಸುತ್ತೇನೆ.

– ನಿವೃತ್ತ ಶಿಕ್ಷಕ, ಸಿಂಧನೂರು