ಮಂಗಳವಾರದ ಡಾಕ್ಟರು ಮತ್ತು ಸಿಗದ ರಕ್ತಪರೀಕ್ಷೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರಗಳು.

ಅಕ್ಟೋಬರ್ 10 ಬಂತೆಂದರೆ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಮಾನಸಿಕ ಆರೋಗ್ಯ ದಿನದ ಜಾಥಾ ಹೊರಡುತ್ತದೆ. ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದಾಗ ‘ಖಿನ್ನತೆಯೂ ಕಾಯಿಲೆಯೇ, ನಾಚಿಕೆ ಬೇಡ’ ಎಂದು ಮಕ್ಕಳ ಕೈಯಲ್ಲಿ ಫಲಕ ಬರೆಸಿ ಕಳಿಸಿದವನು ನಾನು. ಅದೇ ಹೊತ್ತಿನಲ್ಲಿ ನನ್ನ ತಮ್ಮ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿ ಎರಡು ತಿಂಗಳಾಗಿತ್ತು. ಅದನ್ನು ನಾವು ಸೋಮಾರಿತನ ಎಂದು ಬೈಯುತ್ತಿದ್ದೆವು.

ಅದರ ಹಿಂದಿನ ಬೇಸಿಗೆಯಲ್ಲಿ ಅವನು ಸೋಮಾರಿಯಾಗಿರಲಿಲ್ಲ. ರಾತ್ರಿ ಎರಡು ತಾಸು ನಿದ್ದೆ ಮಾಡಿದರೆ ಹೆಚ್ಚು; ಕೋಳಿ ಕೂಗುವ ಮೊದಲೇ ಹೊಲದಲ್ಲಿರುತ್ತಿದ್ದ. ಎರಡು ಎಕರೆ ಅಡವಿಟ್ಟು ಸಾಲಾಗಿ ಮೂರು ಬೋರ್‌ವೆಲ್ ಕೊರೆಸಿದ, ಊರಿಗೆಲ್ಲ ನೀರು ಹಂಚುತ್ತೇನೆ ಎಂದ. ನಮ್ಮ ಕಡೆ ಬೋರ್ ಕೊರೆಸುವವರಿಗೆಲ್ಲ ಹುಚ್ಚು ಎನ್ನಲು ಹೊರಟರೆ ಊರೇ ಉಳಿಯುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಆಮೇಲೆ ಕುಸಿದ. ಡಾಕ್ಟರ ಹತ್ತಿರ ಹೋದಾಗ ನಾವು ಹೇಳಿದ್ದು ಮಲಗಿದ್ದರ ಕತೆ ಮಾತ್ರ. ಬೋರ್‌ವೆಲ್ ಕೂಡ ರೋಗಲಕ್ಷಣ ಎಂದು ಯಾರಿಗೆ ಗೊತ್ತಿತ್ತು? ಖಿನ್ನತೆಯ ಮಾತ್ರೆ ಶುರುವಾಯಿತು. ಮೂರು ವಾರಕ್ಕೆ ಎದ್ದು ಕೂತ, ಅಮ್ಮ ಹರಕೆ ತೀರಿಸಿದಳು. ಐದನೇ ವಾರಕ್ಕೆ ನಾಲ್ಕನೆಯ ಬೋರ್‌ವೆಲ್‌ನ ಮಾತು ತೆಗೆದ.

ಇದಕ್ಕೆ ಬೈಪೋಲಾರ್ ಕಾಯಿಲೆ ಎನ್ನುತ್ತಾರೆ. ಕೆಲವು ಕಾಲ ಖಿನ್ನತೆ, ಕೆಲವು ಕಾಲ ಉನ್ಮಾದ, ನಡುವೆ ಎಲ್ಲರಂತೆ ಬದುಕು. ಮಂಪರು ಹಿಡಿದಂತೆ ಮಲಗಿದವನನ್ನು ಮಾತ್ರ ನೋಡಿ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರು ಉನ್ಮಾದಕ್ಕೆ ಜಿಗಿಯಬಹುದು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ಕಾಯಿಲೆಯ ನೂರು ಜನರಲ್ಲಿ ಸುಮಾರು 70 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನನ್ನ ತಮ್ಮ ಉಳಿದ 30ರಲ್ಲಿ ಒಬ್ಬ. ಅವನ ಪಾಡನ್ನೇ ತಮಗೆ ಹೇಳಬೇಕೆಂದು ಈ ಪತ್ರ.

ಅವನನ್ನು ನೆಲಕ್ಕೆ ನಿಲ್ಲಿಸಿದ್ದು ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದಕ್ಕೆ ಇದು ಮದ್ದೆಂದು ತೋರಿಸಿದ ಹಳೆಯ, ಅಗ್ಗದ ಔಷಧ. ಆದರೆ ಇದು ಹಗ್ಗದ ಮೇಲಿನ ನಡಿಗೆ. ರಕ್ತದಲ್ಲಿ ಅದರ ಅಂಶ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್‌ನ ನಡುವೆ ಇರಬೇಕು; ಕಡಿಮೆಯಾದರೆ ಕೆಲಸ ಮಾಡದು, 1.5 ದಾಟಿದರೆ ವಿಷವಾಗತೊಡಗುತ್ತದೆ. ಮೂತ್ರಪಿಂಡಕ್ಕೆ ಲಿಥಿಯಂ ಉಪ್ಪಿನ ತಮ್ಮನಂತೆ ಕಾಣುತ್ತದೆ. ಮೈಯಲ್ಲಿ ನೀರು ಕಡಿಮೆಯಾಗಿ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಂಡಾಗ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಹಾಗೆಯೇ ಆಯಿತು. ಬಿಸಿಲಲ್ಲಿ ಬದು ಕಡಿದು ಸೊಂಟ ಹಿಡಿಯಿತೆಂದು ಅಂಗಡಿಯೊಂದರಲ್ಲಿ ನೋವಿನ ಮಾತ್ರೆ ತಂದು ನಾಲ್ಕು ದಿನ ನುಂಗಿದ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಲಿಥಿಯಂ ಹೊರಹೋಗುವ ದಾರಿಯನ್ನು ಕಿರಿದು ಮಾಡುತ್ತವೆ ಎಂದು ಅವನಿಗಾಗಲಿ ಅಂಗಡಿಯವರಿಗಾಗಲಿ ಯಾರೂ ಹೇಳಿರಲಿಲ್ಲ. ಕೈ ನಡುಕ, ವಾಂತಿ, ತೊದಲು ಮಾತು. ಬಸ್ ನಿಲ್ದಾಣದಲ್ಲಿ ತೂರಾಡುತ್ತ ನಿಂತವನನ್ನು ಜನ ಕುಡುಕನೆಂದು ಬಿಟ್ಟು ಹೋದರು. ಗುರುತಿನವರೊಬ್ಬರು ಕಂಡು ಆಟೋಗೆ ಹತ್ತಿಸಿದ್ದರಿಂದ ಬದುಕಿದ.

ಈಗ ತಾಲ್ಲೂಕು ಆಸ್ಪತ್ರೆಯ ವಿಷಯ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಶುಭಕಾರ್ಯಕ್ಕೆ ಯಾರೂ ಹೊರಡದ ಆ ವಾರವನ್ನು ಇದಕ್ಕೆ ಆರಿಸಿದವರು ಯಾರೋ, ನಮಗಂತೂ ಅದು ಒಳ್ಳೆಯ ದಿನವೇ ಆಗಿದೆ, ವೈದ್ಯರೂ ತಾಳ್ಮೆಯವರು. ಆದರೆ ಅವರು ಬರೆದ ರಕ್ತಪರೀಕ್ಷೆ ಅಲ್ಲಿ ಆಗುವುದಿಲ್ಲ. ರಾತ್ರಿಯ ಮಾತ್ರೆ ನುಂಗಿದ 12 ತಾಸಿಗೆ ಸರಿಯಾಗಿ ರಕ್ತ ತೆಗೆಯಬೇಕು. ಒಂಬತ್ತಕ್ಕೆ ನುಂಗಿದವನು ಬೆಳಿಗ್ಗೆ ಒಂಬತ್ತಕ್ಕೆ ನಗರದ ಖಾಸಗಿ ಪ್ರಯೋಗಾಲಯದಲ್ಲಿರಬೇಕೆಂದರೆ ನಮ್ಮೂರಿನ ಮೊದಲ ಬಸ್ಸಿಗೆ ಅದು ಸಾಧ್ಯವಿಲ್ಲ. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿಯಬೇಕು. ಯಾಕೆ ಬಂದಿರಿ ಎಂದು ನೆಂಟರು ಕೇಳಿದಾಗಲೆಲ್ಲ ಅವನು ‘ಸಕ್ಕರೆ ಪರೀಕ್ಷೆಗೆ’ ಎನ್ನುತ್ತಾನೆ.

14416ಕ್ಕೆ ಕರೆ ಮಾಡಿ ಎಂದು ಗೋಡೆಗಳ ಮೇಲಿದೆ. ಟೆಲಿ ಮಾನಸ್ ಎಂಬ ಈ ಮಾನಸಿಕ ಆರೋಗ್ಯ ಸಹಾಯವಾಣಿ ಒಳ್ಳೆಯ ಸೇವೆ, ನಡುರಾತ್ರಿ ನಾನೇ ಒಮ್ಮೆ ಮಾತಾಡಿದ್ದೇನೆ. ಫೋನಿನಲ್ಲಿ ರಕ್ತ ತೆಗೆಯಲಾಗದು, ಅಷ್ಟೇ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಓದಿದ್ದೇನೆ. ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧ ಪಟ್ಟಿಯ ಮಾತ್ರೆಗಳು ಮನೋರೋಗಿಗಳಿಗೆ ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು ಎಂದಿದೆ. ‘ಎಲ್ಲ ಕಾಲ’ ಎಂದರೆ ಅದರಲ್ಲಿ ಮಾರ್ಚ್ ತಿಂಗಳೂ ಸೇರುತ್ತದೆ ಎಂದು ಕನ್ನಡ ಮೇಷ್ಟ್ರಾಗಿ ಹೇಳಬಲ್ಲೆ. ಸ್ಟಾಕ್ ಇಲ್ಲ ಎಂಬ ಉತ್ತರ ನಮಗೆ ಹೆಚ್ಚಾಗಿ ಸಿಗುವುದು ಮಾರ್ಚ್‌ನಲ್ಲಿ.

ನಾನು ಹೊಸ ಆಸ್ಪತ್ರೆ ಕೇಳುತ್ತಿಲ್ಲ. ತಾಲ್ಲೂಕಿನಲ್ಲಿ ರಕ್ತ ತೆಗೆದು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಲಿ. ಕ್ಷಯರೋಗಿಯ ಕಫ ಊರಿಂದ ಊರಿಗೆ ಪ್ರಯಾಣ ಮಾಡುವುದಾದರೆ ಇವರ ರಕ್ತಕ್ಕೂ ಒಂದು ಸೀಟು ಸಿಗಲಿ. ಲಿಥಿಯಂ ಜೊತೆ ಯಾವ ಮಾತ್ರೆ ಕೂಡದು, ಬೇಸಿಗೆಯಲ್ಲಿ ಎಷ್ಟು ನೀರು, ಯಾವ ಲಕ್ಷಣ ಕಂಡರೆ ಓಡಿಬರಬೇಕು ಎಂದು ಕನ್ನಡದಲ್ಲಿ ಅಚ್ಚು ಹಾಕಿದ, ಜೇಬಿನಲ್ಲಿ ಹಿಡಿಯುವ ಚೀಟಿ ಕೊಡಲಿ. ಬರೆದುಕೊಡಲು ನಾನೇ ಸಿದ್ಧ, ಕಾಗುಣಿತದ ತಪ್ಪು ಇರುವುದಿಲ್ಲ. ಖಿನ್ನತೆ ಎಂದು ಬಂದವರ ಮನೆಯವರನ್ನು ‘ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವೆನ್ನುವಷ್ಟು ಹುರುಪು ಬಂದಿತ್ತೇ, ಮಿತಿಮೀರಿ ಖರ್ಚು ಮಾಡಿದ್ದರೇ’ ಎಂದು ಕೇಳುವುದನ್ನು ಆಶಾ ಕಾರ್ಯಕರ್ತೆಯರಿಗೂ ವೈದ್ಯರಿಗೂ ಕಲಿಸಲಿ. ನಮ್ಮನ್ನು ಯಾರಾದರೂ ಹಾಗೆ ಕೇಳಿದ್ದರೆ ಬೋರ್‌ವೆಲ್ ಕತೆ ಅಂದೇ ಹೊರಬರುತ್ತಿತ್ತು.

ಜಿಲ್ಲೆಯ ಮಟ್ಟದಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅಂಥ ರಾಜ್ಯದ ಸಚಿವರಿಗೆ ಒಂದು ರಕ್ತಪರೀಕ್ಷೆಗಾಗಿ ಅರ್ಜಿ ಬರೆಯುವಾಗ ನನಗೇ ಸ್ವಲ್ಪ ಸಂಕೋಚವಾಗುತ್ತಿದೆ.

ತಮ್ಮನ ಮುಂದಿನ ಪರೀಕ್ಷೆಗೆ ಇನ್ನು ಆರು ವಾರವಿದೆ. ನೆಂಟರ ಮನೆಗೆ ಫೋನ್ ಮಾಡಿ ತಿಳಿಸಬೇಕೋ ಬೇಡವೋ ಎಂಬುದನ್ನು ಅದರೊಳಗೆ ತಾವು ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ